ಸಾಲಿನ ಕೊನೆಯಲ್ಲಿ ನಿಂತ ಮಗುವಿಗೂ ಆಟ ಸಿಗಬೇಕು

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಪ್ರತ್ಯೇಕ ದೈಹಿಕ ಶಿಕ್ಷಕರಿಲ್ಲದ ಕಾರಣ ಮೂರನೇ ತರಗತಿಯ 36 ಮಕ್ಕಳಿಗೆ ವಾರಕ್ಕೆರಡು ಸಲ, 40 ನಿಮಿಷದ ಆಟದ ಅವಧಿಯನ್ನು ನಾನೇ ತೆಗೆದುಕೊಳ್ಳಬೇಕು. ಆಟದ ಮೂಲಕ ಆರೋಗ್ಯಕರ ಅಭ್ಯಾಸ ಬೆಳೆಸಿ ಎಂದು ಹೇಳಿದ್ದಾರೆ. ಆದರೆ ಆಡುವವರು ಏಳೆಂಟು ಮಕ್ಕಳು ಮಾತ್ರ, ಉಳಿದವರು ಸಾಲಿನಲ್ಲಿ ನಿಂತು ಹರಟುತ್ತಾರೆ. ಒಬ್ಬ ಹುಡುಗನಂತೂ ಆಟದ ದಿನ ಬಂತೆಂದರೆ ಹೊಟ್ಟೆನೋವು ಎಂದು ಕುಳಿತುಬಿಡುತ್ತಾನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಒಂದು ಲೆಕ್ಕ ನೋಡೋಣ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು, ಎದೆಬಡಿತ ಜೋರಾಗುವಷ್ಟು ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ವಾರದಲ್ಲಿ ಮೂರು ದಿನವಾದರೂ ಜೋರು ಓಟ ಇರಬೇಕು. ಜಿಗಿಯುವುದು, ಹತ್ತುವುದು, ಜೋತಾಡುವುದು ಹೀಗೆ ಸ್ನಾಯು ಮತ್ತು ಮೂಳೆಗಳಿಗೆ ಬಲ ಕೊಡುವ ಆಟವೂ ಇರಬೇಕು. ಅಲ್ಲಿಗೆ ವಾರಕ್ಕೆ 420 ನಿಮಿಷ ಆಯಿತು. ನಿಮ್ಮ ಕೈಯಲ್ಲಿರುವುದು 80. ಅದರಲ್ಲಿ ಅರ್ಧ ಹೊತ್ತು ಪ್ರತಿ ಮಗುವೂ ಓಡಾಡಿತು ಎಂದುಕೊಂಡರೂ ಸಿಗುವುದು 40 ನಿಮಿಷ. ಬೇಕಾದದ್ದರಲ್ಲಿ ಅದು ಹತ್ತನೇ ಒಂದು ಪಾಲೂ ಅಲ್ಲ.

ಹಾಗಾಗಿ ಆಟದ ಅವಧಿಯೊಂದೇ ಮಕ್ಕಳ ಆರೋಗ್ಯವನ್ನು ಸರಿಮಾಡಿಬಿಡುತ್ತದೆ ಎಂಬ ಮಾತನ್ನು ನಂಬಬೇಡಿ. ಆ 80 ನಿಮಿಷದ ಮುಖ್ಯ ಕೆಲಸವೇ ಬೇರೆ. ವಾರದ ಉಳಿದ ಹೊತ್ತಿನಲ್ಲಿ ಮಗು ತಾನಾಗಿ ಆಡಲು ಬೇಕಾದ ಕೌಶಲ, ಧೈರ್ಯ ಮತ್ತು ಆಸೆ, ಈ ಮೂರನ್ನೂ ಅದು ಕೊಡಬೇಕು. ಚೆನ್ನಾಗಿ ಆಡುವ ಏಳೆಂಟು ಮಕ್ಕಳಲ್ಲಿ ಈ ಮೂರೂ ಆಗಲೇ ಇವೆ. ನೀವು ಇಲ್ಲದಿದ್ದರೂ ಅವರು ಆಡುತ್ತಾರೆ. ಪಾಠವನ್ನು ಯೋಜಿಸುವಾಗ ಕಣ್ಣಮುಂದೆ ಇರಬೇಕಾದದ್ದು ಸಾಲಿನ ಕೊನೆಯಲ್ಲಿ ನಿಂತ ಮಗು.

ಆ ಸಾಲಿನಿಂದಲೇ ಶುರು ಮಾಡಿ. 36 ಮಕ್ಕಳನ್ನು ಆರಾರು ಜನರ ಆರು ಸಾಲು ಮಾಡಿ ರಿಲೇ ಓಡಿಸಿದರೆ, ಒಂದು ಹೊತ್ತಿನಲ್ಲಿ ಓಡುತ್ತಿರುವವರು ಆರೇ ಮಂದಿ. ಒಬ್ಬೊಬ್ಬರು ಹೋಗಿ ಬರಲು 12 ಸೆಕೆಂಡ್ ಎಂದಿಟ್ಟುಕೊಳ್ಳಿ. ಓಡಿ ಬಂದ ಮಗು ಮತ್ತೆ ಓಡಲು ಒಂದು ನಿಮಿಷ ಕಾಯಬೇಕು. 12 ನಿಮಿಷದ ರಿಲೇಯಲ್ಲಿ ಅದು ಓಡಿದ್ದು 2 ನಿಮಿಷ. ದೂರದಿಂದ ನೋಡಿದರೆ ಮೈದಾನದ ತುಂಬ ಗದ್ದಲ, ಉತ್ಸಾಹ. ಮಗುವಿನ ಕಾಲಿಗೆ ಸಿಕ್ಕಿದ್ದು ಮಾತ್ರ ಇಷ್ಟೆ. ಸಾಲಿನಲ್ಲಿ ಹರಟೆ, ತಳ್ಳಾಟ ಶುರುವಾಗುವುದು ಮಕ್ಕಳು ಅಶಿಸ್ತಿನವರು ಎಂಬ ಕಾರಣಕ್ಕಲ್ಲ, ಅವರಿಗೆ ಅಲ್ಲಿ ಮಾಡಲು ಕೆಲಸವಿಲ್ಲ ಎಂಬ ಕಾರಣಕ್ಕೆ. ಎಂಟು ವರ್ಷದ ಮಕ್ಕಳ ಸಹಜ ಆಟವನ್ನು ಗಮನಿಸಿ ನೋಡಿ: ಕೆಲವೇ ಸೆಕೆಂಡು ಜೋರಾಗಿ ಓಡುತ್ತಾರೆ, ತುಸು ನಿಲ್ಲುತ್ತಾರೆ, ಮತ್ತೆ ಓಡುತ್ತಾರೆ. ದೊಡ್ಡವರಿಗಿಂತ ಬೇಗ ಸುಧಾರಿಸಿಕೊಳ್ಳುತ್ತಾರೆ. ಒಂದು ನಿಮಿಷ ಕಾಯಿಸುವುದೂ ಅವರ ದೇಹದ ಲಯಕ್ಕೆ ಒಗ್ಗುವುದಿಲ್ಲ, ಹತ್ತು ನಿಮಿಷ ಒಂದೇ ಸಮನೆ ಓಡಿಸುವುದೂ ಒಗ್ಗುವುದಿಲ್ಲ. ಸಾಲು ಅನಿವಾರ್ಯವಾದರೆ ಮೂವರಿಗಿಂತ ಹೆಚ್ಚು ಬೇಡ.

ಇನ್ನೊಂದು ಕಡೆ ಎಡವುವುದು ‘ಔಟ್ ಆದವರು ಹೊರಗೆ’ ಎಂಬ ಆಟಗಳಲ್ಲಿ. ಮೊದಲು ಔಟಾಗುವುದು ನಿಧಾನಕ್ಕೆ ಓಡುವ, ಚೆಂಡಿಗೆ ಹೆದರುವ ಮಗು. ಹೆಚ್ಚು ಅಭ್ಯಾಸ ಬೇಕಾದದ್ದು ಅದಕ್ಕೇ, ಹೆಚ್ಚು ಹೊತ್ತು ಕೂರುವುದೂ ಅದೇ. ನಿಯಮ ಬದಲಿಸಿ: ಔಟಾದವರು ಅಂಚಿನ ಗೆರೆಯ ಹತ್ತಿರ ಐದು ಸಲ ಜಿಗಿದು ಮತ್ತೆ ಒಳಗೆ ಬರಲಿ. ಆಟದ ರೋಚಕತೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಅವಧಿಯ 40 ನಿಮಿಷವನ್ನು ಹೀಗೆ ಹಂಚಬಹುದು. ತರಗತಿಯಿಂದ ಮೈದಾನಕ್ಕೆ ಬರಲು 4 ನಿಮಿಷ. ಬಂದ ಕೂಡಲೇ, ಹಾಜರಿ, ಭಾಷಣ ಯಾವುದೂ ಇಲ್ಲದೆ, 5 ನಿಮಿಷದ ಮುಟ್ಟಾಟ. ಮೈ ಬಿಸಿ ಮಾಡಿಕೊಳ್ಳುವುದೂ ಅದರಲ್ಲೇ ಆಗಲಿ, ಮೊದಲ ನಿಮಿಷ ನಡಿಗೆಯಲ್ಲಿ, ಆಮೇಲೆ ಓಟದಲ್ಲಿ. ನಂತರ 12 ನಿಮಿಷ ಒಂದೇ ಒಂದು ಕೌಶಲ. 14 ನಿಮಿಷ ಅದೇ ಕೌಶಲ ಬೇಕಾಗುವ ಸಣ್ಣ ಗುಂಪಿನ ಆಟ. ಕೊನೆಯ 5 ನಿಮಿಷ ಉಸಿರು ಇಳಿಸಿಕೊಳ್ಳಲು, ನೀರು ಕುಡಿಯಲು, ಎರಡು ಮಾತಿಗೆ. ನೀವು ಕೊಡುವ ಒಂದೊಂದು ವಿವರಣೆಯೂ 45 ಸೆಕೆಂಡಿನೊಳಗೆ ಮುಗಿಯಲಿ. ಎಲ್ಲ ನಿಯಮ ಹೇಳಿ ಆಡಿಸುವ ಬದಲು ಎರಡು ನಿಯಮ ಹೇಳಿ ಆಡಲು ಬಿಡಿ, ಒಂದೂವರೆ ನಿಮಿಷದ ಮೇಲೆ ನಿಲ್ಲಿಸಿ ಮೂರನೆಯದನ್ನು ಸೇರಿಸಿ. ನಿಲ್ಲಿಸಲು ಸಂಕೇತ ಒಂದೇ ಇರಲಿ: ಸೀಟಿ ಊದಿದರೆ ಚೆಂಡು ನೆಲಕ್ಕೆ, ಎರಡು ಪಾದಗಳ ನಡುವೆ. ಚೆಂಡು ಕೈಯಲ್ಲಿದ್ದರೆ ಯಾವ ಮಗುವೂ ನಿಮ್ಮ ಮಾತು ಕೇಳಿಸಿಕೊಳ್ಳುವುದಿಲ್ಲ.

ಮುಟ್ಟಾಟವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಚೆನ್ನಾಗಿ ಹೊಂದಿಸಿದರೆ ಅದಕ್ಕಿಂತ ಲಾಭದ ಐದು ನಿಮಿಷ ಇನ್ನೊಂದಿಲ್ಲ. 36 ಮಕ್ಕಳನ್ನು ಒಂದೇ ಅಂಗಳದಲ್ಲಿ ಬಿಡಬೇಡಿ. ಗಡಿ ಗುರುತಿಸುವ ಶಂಕುಗಳನ್ನಿಟ್ಟು (ಕೋನ್) 15 ಮೀಟರ್ ಉದ್ದ, 15 ಮೀಟರ್ ಅಗಲದ ಮೂರು ಚೌಕ ಮಾಡಿ, ಒಂದೊಂದರಲ್ಲಿ 12 ಮಕ್ಕಳು. ಚೌಕಗಳ ನಡುವೆ ಎರಡು ಮೀಟರ್ ಖಾಲಿ ಜಾಗ ಬಿಡಿ, ಇಲ್ಲವಾದರೆ ಅಂಚಿನಲ್ಲಿ ಆಚೀಚೆಯವರು ಢಿಕ್ಕಿ ಹೊಡೆಯುತ್ತಾರೆ. ಪ್ರತಿ ಚೌಕದಲ್ಲಿ ಮೂವರು ಒಟ್ಟಿಗೆ ಹಿಡಿಯುವವರು, ಬಣ್ಣದ ಮೇಲಂಗಿ ತೊಟ್ಟಿರಲಿ. ಮುಟ್ಟುವುದು ಭುಜ ಅಥವಾ ಬೆನ್ನಿಗೆ ಮಾತ್ರ, ಅಂಗೈಯಿಂದ, ತಳ್ಳದೆ. ಮುಟ್ಟಿಸಿಕೊಂಡವರು ಅಲ್ಲೇ ಕಾಲಗಲಿಸಿ ನಿಲ್ಲಲಿ, ಗೆಳೆಯರು ಬಂದು ಕೈಗೆ ಕೈ ತಟ್ಟಿದರೆ ಬಿಡುಗಡೆ. 45 ಸೆಕೆಂಡಿಗೊಮ್ಮೆ ಹಿಡಿಯುವವರನ್ನು ಬದಲಿಸಿ. ಒಬ್ಬನೇ ಹಿಡಿಯುವವನಾಗಿ, ಅವನು ನಿಧಾನಿಯೂ ಆಗಿದ್ದರೆ, ಎರಡು ನಿಮಿಷ ಯಾರೂ ಸಿಗದೆ ಎಲ್ಲರೆದುರು ಏದುಸಿರು ಬಿಡುವುದು ಆ ಮಗುವಿನ ಪಾಲಿಗೆ ಶಿಕ್ಷೆ. ಮೂವರಿದ್ದರೆ ಆ ಭಾರ ಹಂಚಿಹೋಗುತ್ತದೆ. ಯಾರೂ ಸಿಗುತ್ತಿಲ್ಲವೇ, ಶಂಕುಗಳನ್ನು ಎರಡೆರಡು ಹೆಜ್ಜೆ ಒಳಗೆ ತನ್ನಿ. ಎಲ್ಲರೂ ಕ್ಷಣದಲ್ಲಿ ಸಿಕ್ಕಿಬೀಳುತ್ತಿದ್ದಾರೆಯೇ, ಹಿಡಿಯುವವರನ್ನು ಇಬ್ಬರಿಗೆ ಇಳಿಸಿ.

ಕೌಶಲದ 12 ನಿಮಿಷಕ್ಕೆ ಈ ವಯಸ್ಸಿನಲ್ಲಿ ಯಾವುದೋ ಒಂದು ಕ್ರೀಡೆಯನ್ನು ಆರಿಸಿಕೊಳ್ಳಬೇಕಿಲ್ಲ. ಓಡುವುದು, ಕುಪ್ಪಳಿಸುವುದು, ಜಿಗಿದು ನಿಲ್ಲುವುದು, ಒಂಟಿ ಕಾಲಲ್ಲಿ ಸಮತೋಲ, ಎಸೆಯುವುದು, ಹಿಡಿಯುವುದು, ಒದೆಯುವುದು, ಬ್ಯಾಟಿನಲ್ಲಿ ಹೊಡೆಯುವುದು ಇವು ಮೂಲ ಚಲನೆಗಳು. ವಯಸ್ಸಾದಂತೆ ತಾನಾಗಿ ಬರುತ್ತವೆ ಎಂಬುದು ತಪ್ಪು ತಿಳಿವಳಿಕೆ; ಕಲಿಸದಿದ್ದರೆ ಎಷ್ಟೋ ಮಕ್ಕಳಲ್ಲಿ ಅರ್ಧಕ್ಕೇ ನಿಂತುಬಿಡುತ್ತವೆ. ಎಸೆಯಲು ಬಾರದ ಹನ್ನೆರಡರ ಹುಡುಗಿ ಎಸೆಯುವ ಯಾವ ಆಟಕ್ಕೂ ಹೋಗುವುದಿಲ್ಲ. ಜನ ಅದನ್ನು ಆಸಕ್ತಿ ಇಲ್ಲ ಎಂದುಕೊಳ್ಳುತ್ತಾರೆ.

ಎಸೆತವನ್ನೇ ತೆಗೆದುಕೊಳ್ಳಿ. ಇಬ್ಬರಿಗೊಂದು ಮೆತ್ತನೆಯ ಚೆಂಡು, ಮಗುವಿನ ಮುಷ್ಟಿಗೆ ಹಿಡಿಯುವ ಗಾತ್ರ, ಸುಮಾರು 6ರಿಂದ 8 ಸೆಂಟಿಮೀಟರ್ ಅಡ್ಡಳತೆ. ಗೋಡೆಯಿಂದ 5-6 ಮೀಟರ್ ದೂರ ನಿಲ್ಲಲಿ. ಗುರಿಗೆ ಎದುರಾಗಿ ಅಲ್ಲ, ಪಕ್ಕಕ್ಕೆ ತಿರುಗಿ. ಎಸೆಯುವ ಕೈ ಬಲಗೈಯಾದರೆ ಎಡಗಾಲು ಮುಂದಕ್ಕೆ ಹೆಜ್ಜೆ ಇಡುತ್ತದೆ. ಆಮೇಲೆ ಸೊಂಟ ತಿರುಗುತ್ತದೆ, ಅದರ ಹಿಂದೆ ಭುಜ, ಕೊನೆಗೆ ಕೈ. ಚೆಂಡು ಬಿಟ್ಟ ಮೇಲೆ ಕೈ ಎದುರು ಬದಿಯ ತೊಡೆಯತ್ತ ಇಳಿಯಬೇಕು. ಸಾಮಾನ್ಯ ತಪ್ಪು ಎರಡು. ಎಸೆಯುವ ಕೈಯ ಬದಿಯ ಕಾಲನ್ನೇ ಮುಂದಿಡುವುದು ಮೊದಲನೆಯದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೆಜ್ಜೆಗುರುತು ಬರೆದರೆ ಎರಡು ಮೂರು ಅವಧಿಯಲ್ಲಿ ಸರಿಹೋಗಬಹುದು. ಮೊಣಕೈಯಿಂದಷ್ಟೇ ತಳ್ಳುವುದು ಎರಡನೆಯದು. ಇದಕ್ಕೆ ಹೆಚ್ಚಾಗಿ ನಾವೇ ಕಾರಣ: ಚಿಕ್ಕ ಗುರಿ ತೋರಿಸಿ ‘ಸರಿಯಾಗಿ ಹೊಡಿ’ ಎಂದಾಗ ಮಗು ಗುರಿ ತಪ್ಪೀತೆಂದು ಚಲನೆಯನ್ನು ಕುಗ್ಗಿಸುತ್ತದೆ. ಮೊದಲ ಕೆಲವು ವಾರ ಗುರಿಯೇ ಬೇಡ. ‘ಗೋಡೆಗೆ ಜೋರಾಗಿ ಹೊಡಿ, ಸದ್ದು ಕೇಳಲಿ’ ಎನ್ನಿ. ಜೋರಾಗಿ ಎಸೆಯಲು ದೇಹವೇ ಸೊಂಟವನ್ನು ತಿರುಗಿಸಿಕೊಳ್ಳುತ್ತದೆ. ಹತ್ತು ಎಸೆತಕ್ಕೊಮ್ಮೆ ಜೊತೆಗಾರರು ಬದಲಾಗಲಿ, ಕಾಯುತ್ತಿರುವವರಿಗೆ ‘ಅವಳ ಎಡಗಾಲು ಮುಂದೆ ಬಂತಾ ನೋಡು’ ಎಂಬ ಕೆಲಸ ಇರಲಿ.

ಹಿಡಿಯುವುದರಲ್ಲಿ ತೊಡಕು ಬಹುತೇಕ ಭಯದ್ದು. ಚೆಂಡು ಬರುವಾಗ ಮಗು ಮುಖ ತಿರುಗಿಸಿ ಕಣ್ಣು ಮುಚ್ಚುತ್ತಿದ್ದರೆ ಗಟ್ಟಿ ಚೆಂಡಿನಲ್ಲಿ ನೂರು ಸಲ ಅಭ್ಯಾಸ ಮಾಡಿಸಿದರೂ ಭಯ ಗಟ್ಟಿಯಾಗುತ್ತದೆಯೇ ಹೊರತು ಕೈಯಲ್ಲ. ಬಲೂನು, ಆಮೇಲೆ ಬಟ್ಟೆಯ ಚೆಂಡು, ಆಮೇಲೆ ಒಮ್ಮೆ ನೆಲಕ್ಕೆ ಪುಟಿದು ಬರುವ ಹಗುರ ಚೆಂಡು, ಕೊನೆಗೆ ನೇರ ಎಸೆತ.

ಆಟದ 14 ನಿಮಿಷಕ್ಕೆ ದೊಡ್ಡವರ ಕ್ರೀಡೆಯನ್ನು ಹಾಗೆಯೇ ತರಬೇಡಿ. ಹನ್ನೊಂದು ಹನ್ನೊಂದು ಜನರ ಫುಟ್ಬಾಲಿನಲ್ಲಿ ಎಷ್ಟೋ ಮಕ್ಕಳ ಕಾಲಿಗೆ ಚೆಂಡು ತಾಗುವುದೇ ಇಲ್ಲ. ಮೂವರೆದುರು ಮೂವರು, 20 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗ, ಗೋಲ್‌ಕೀಪರ್ ಇಲ್ಲದ ಚಿಕ್ಕ ಗೋಲು. 36 ಮಕ್ಕಳಿಗೆ ಇಂಥ ಆರು ಆಟ ಏಕಕಾಲಕ್ಕೆ. ಜಾಗ ಸಾಲದಿದ್ದರೆ ಮೂರರಲ್ಲಿ ಆಟ, ಉಳಿದ 18 ಮಕ್ಕಳು ಪಕ್ಕದಲ್ಲಿ ಹಗ್ಗ ಜಿಗಿಯುವ ಆಟ, ಏಳು ನಿಮಿಷಕ್ಕೆ ಅದಲುಬದಲು. ಅಂತಾರಾಷ್ಟ್ರೀಯ ಕ್ರೀಡಾ ಸಂಸ್ಥೆಗಳೂ ಮಕ್ಕಳಿಗೆ ಅಳತೆ ಇಳಿಸುತ್ತವೆ: ಬ್ಯಾಸ್ಕೆಟ್‌ಬಾಲ್ ಬುಟ್ಟಿ ದೊಡ್ಡವರಿಗೆ 3.05 ಮೀಟರ್ ಎತ್ತರದಲ್ಲಿದ್ದರೆ ಮಿನಿ ಬ್ಯಾಸ್ಕೆಟ್‌ಬಾಲಿನಲ್ಲಿ 2.60 ಮೀಟರ್. ಸ್ಪರ್ಧೆ ಇರಲಿ, ಮಕ್ಕಳಿಗೆ ಅದು ಇಷ್ಟ. ಆದರೆ ನಾಲ್ಕು ನಿಮಿಷಕ್ಕೊಮ್ಮೆ ತಂಡ ಕಲಸಿ, ಸೋಲು ಯಾರ ಬೆನ್ನಿಗೂ ಅಂಟಿಕೊಳ್ಳದಿರಲಿ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಹೆಸರು ಕರೆದು ತಂಡ ಕಟ್ಟುವ ಪದ್ಧತಿಯನ್ನು ಇಂದೇ ಬಿಟ್ಟುಬಿಡಿ. ಕೊನೆಗೆ ಉಳಿದ ಮಗು ಆ ಅರ್ಧ ನಿಮಿಷವನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಮೇಲಂಗಿಗಳನ್ನು ಮೊದಲೇ ಮೈದಾನದಲ್ಲಿ ಇಟ್ಟಿರಿ, ಸಿಕ್ಕಿದ ಬಣ್ಣವೇ ತಂಡ.

ಯಾರು ‘ಪ್ರತಿಭಾವಂತ’ ಎಂದು ಈಗಲೇ ತೀರ್ಮಾನಿಸಬೇಡಿ. ಒಂದೇ ತರಗತಿಯಲ್ಲಿ ಹುಟ್ಟಿದ ತಿಂಗಳಿನಿಂದಾಗಿ ಸುಮಾರು ಒಂದು ವರ್ಷದ ಅಂತರ ಇರಬಹುದು. ಎಂಟು ವರ್ಷದ ಮಗುವಿಗೆ ಅದು ಆಯಸ್ಸಿನ ಎಂಟನೇ ಒಂದು ಭಾಗ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಮಕ್ಕಳ ತಂಡಗಳಿಗೆ ಹೆಚ್ಚಾಗಿ ಆಯ್ಕೆಯಾಗುವುದು ಹಲವು ಕ್ರೀಡೆಗಳಲ್ಲಿ ಕಂಡುಬಂದಿದೆ. ಅದು ಪ್ರತಿಭೆಯಲ್ಲ, ಮೊದಲು ಬೆಳೆದದ್ದರ ಲಾಭ ಅಷ್ಟೆ.

ಇನ್ನು ಆ ಹುಡುಗನ ವಿಷಯ. ಹೊಟ್ಟೆನೋವು ನಾಟಕ ಎಂದು ಮೊದಲೇ ನಿರ್ಧರಿಸಬೇಡಿ. ಹೆದರಿಕೆಯಿಂದ ಬರುವ ಹೊಟ್ಟೆನೋವೂ ನಿಜವಾದ ನೋವೇ. ಆಟವಿಲ್ಲದ ದಿನಗಳಲ್ಲೂ, ರಜೆಯಲ್ಲೂ ನೋವಿದೆಯೇ ಎಂದು ಮನೆಯವರನ್ನು ಕೇಳಿ, ಇದ್ದರೆ ವೈದ್ಯರಲ್ಲಿಗೆ ಹೋಗಲು ಹೇಳಿ. ಆಟದ ದಿನ ಮಾತ್ರ ಬರುತ್ತಿದ್ದರೆ ಅವನೊಬ್ಬನೇ ಇರುವಾಗ ಕೇಳಿ, ‘ಏಕೆ ಆಡುವುದಿಲ್ಲ’ ಎಂದಲ್ಲ, ‘ಆಟದಲ್ಲಿ ಯಾವ ಹೊತ್ತು ಕಷ್ಟ ಆಗುತ್ತದೆ’ ಎಂದು. ಬಟ್ಟೆ ಬದಲಿಸುವ ಸಂಕೋಚ, ಕೂಗಿ ಅಣಕಿಸುವ ಒಬ್ಬ ಸಹಪಾಠಿ, ಎಲ್ಲರ ಕಣ್ಣು ತನ್ನ ಮೇಲೆ ಬೀಳುವ ಕ್ಷಣ, ಓಡಿದರೆ ಬರುವ ಕೆಮ್ಮು, ಹೀಗೆ ಉತ್ತರ ತೀರಾ ನಿರ್ದಿಷ್ಟವಾಗಿರುತ್ತದೆ. ಕೆಮ್ಮು, ಎದೆಯಲ್ಲಿ ಸಿಳ್ಳಿನಂಥ ಸದ್ದು ಎಂದರೆ ಅಸ್ತಮಾ ಇರಬಹುದು, ಅದನ್ನು ತೋರಿಸಲೇಬೇಕು. ಭಯವಾದರೆ ಮೊದಲ ಎರಡು ವಾರ ಅವನೇ ಆರಿಸಿದ ಒಬ್ಬ ಗೆಳೆಯನ ಜೊತೆ ಮೈದಾನದ ಬದಿಯಲ್ಲಿ ಎಸೆತ-ಹಿಡಿತ, ಮೂರನೇ ವಾರ ನಾಲ್ವರ ಗುಂಪು, ಆಮೇಲೆ ಮೂವರೆದುರು ಮೂವರ ಆಟ. ಅಂಕ ಬರೆಯುವ ಕೆಲಸ ಕೊಟ್ಟು ಕೂರಿಸುವುದು ದಯೆಯಂತೆ ಕಾಣುತ್ತದೆ, ಆದರೆ ವರ್ಷವಿಡೀ ಅಲ್ಲೇ ಉಳಿದುಬಿಡುತ್ತಾನೆ. ಅಂಗವಿಕಲ ಮಕ್ಕಳಿದ್ದರೂ ದಾರಿ ಇದೇ: ಜಾಗ, ಕೆಲಸ, ಸಾಮಗ್ರಿ, ಜೊತೆಗಾರರು ಈ ನಾಲ್ಕರಲ್ಲಿ ಒಂದನ್ನು ಬದಲಿಸಿದರೆ ಬಹುಪಾಲು ಆಟಗಳಲ್ಲಿ ಅವರಿಗೂ ಜಾಗ ಸಿಗುತ್ತದೆ. ಏನು ಬದಲಿಸಬೇಕೆಂದು ಆ ಮಗುವನ್ನೇ ಕೇಳಿ.

ಉಳಿದ ನಿಮಿಷಗಳನ್ನು ಶಾಲೆಯ ದಿನಚರಿಯಲ್ಲೇ ಹುಡುಕಬೇಕು. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ 2012ರಲ್ಲಿ ಮುಖ್ಯೋಪಾಧ್ಯಾಯಿನಿ ಇಲೇನ್ ವೈಲಿ ಶುರುಮಾಡಿದ ‘ಡೈಲಿ ಮೈಲ್’ ಪದ್ಧತಿ ಈಗ ಅನೇಕ ದೇಶಗಳಲ್ಲಿದೆ. ದಿನಕ್ಕೆ 15 ನಿಮಿಷ, ತೊಟ್ಟ ಬಟ್ಟೆಯಲ್ಲೇ, ತಮಗೆ ಸರಿಕಂಡ ವೇಗದಲ್ಲಿ ಮಕ್ಕಳು ಹೊರಗೆ ಓಡುತ್ತಾರೆ ಅಥವಾ ನಡೆಯುತ್ತಾರೆ. ಸಾಮಗ್ರಿ ಬೇಡ, ತರಬೇತಿ ಬೇಡ. ಕೆಡುವುದು ಎಲ್ಲಿ ಎಂದರೆ ಯಾರು ಎಷ್ಟು ಸುತ್ತು ಎಂದು ಪಟ್ಟಿ ಹಾಕಿದಾಗ. ಅಂದಿಗೆ ಅದು ಓಟದ ಪಂದ್ಯವಾಗಿ, ಹಿಂದೆ ಉಳಿಯುವವರು ಮತ್ತೆ ಹೊಟ್ಟೆನೋವು ಎನ್ನುತ್ತಾರೆ. ನೀವೂ ಅವರ ಜೊತೆ ನಡೆಯಿರಿ. ಮಾತಾಡುತ್ತ ಸಾಗುವಷ್ಟು ವೇಗ ಸಾಕು.

ಬಿಡುವಿನ ಹೊತ್ತಿನಲ್ಲಿ ಫುಟ್ಬಾಲ್ ಆಡುವ ಹತ್ತು ಮಕ್ಕಳು ಮೈದಾನದ ನಡುಭಾಗವನ್ನೆಲ್ಲ ಹಿಡಿದುಕೊಳ್ಳುತ್ತಾರೆ, ಉಳಿದವರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ. ಜಾಗವನ್ನು ಗೆರೆ ಎಳೆದು ಮೂರು ಭಾಗ ಮಾಡಿ, ಚೆಂಡಿನಾಟ ಒಂದರಲ್ಲಿ ಮಾತ್ರ. ಇನ್ನೊಂದರಲ್ಲಿ ಹಗ್ಗ, ಆಟದ ದೊಡ್ಡ ಬಳೆಗಳು (ಹೂಪ್), ನೆಲದ ಮೇಲೆ ಕುಂಟಾಟದ ಮನೆಗಳು. ಮೂರನೆಯದು ಸುಮ್ಮನೆ ಓಡಾಡಲು. ಬಿಡುವಿಗೆ ತೆಗೆದುಕೊಡುವ ಪೆಟ್ಟಿಗೆಯಲ್ಲಿ ಆಟದ ಅವಧಿಯಲ್ಲಿ ಕಲಿಸಿದ ಸಾಮಗ್ರಿಯೇ ಇರಲಿ. ಮಂಗಳವಾರ ಕಲಿತ ಎಸೆತವನ್ನು ಬುಧವಾರ ಮಗು ತಾನಾಗಿ ಆಡಿದರೆ ನಿಮ್ಮ ಪಾಠ ಹತ್ತಿದೆ ಎಂದರ್ಥ. ತಪ್ಪು ಮಾಡಿದ ಮಗುವಿಗೆ ಬಿಡುವು ಕತ್ತರಿಸುವುದು, ಶಿಕ್ಷೆಯಾಗಿ ಸುತ್ತು ಓಡಿಸುವುದು ಎರಡೂ ಖಂಡಿತ ಬೇಡ. ಓಟವೇ ಶಿಕ್ಷೆಯಾದರೆ ಓಟವನ್ನು ಪ್ರೀತಿಸುವುದು ಹೇಗೆ?

ಆರೋಗ್ಯದ ಪಾಠ ಕೊನೆಯ ಐದು ನಿಮಿಷದಲ್ಲಿ ಬರಲಿ, ಒಂದು ಅವಧಿಗೆ ಒಂದೇ ವಿಷಯ, ಅದೂ ಮೈಯಲ್ಲಿ ಆಗಷ್ಟೇ ಆದದ್ದಕ್ಕೆ ಹೊಂದಿಕೊಂಡು. ಎದೆಯ ಮೇಲೆ ಕೈಯಿಟ್ಟು ಆಟಕ್ಕೆ ಮುಂಚೆ, ಆಟವಾದ ಕೂಡಲೇ, ಎರಡು ನಿಮಿಷದ ಮೇಲೆ ಬಡಿತ ಹೇಗಿದೆ ಎಂದು ಕೇಳಿ; ದೊಡ್ಡ ತರಗತಿಯವರು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಲಿ, ಗಣಿತವೂ ಆಯಿತು. ನೀರಿನ ಬಗ್ಗೆ ಹೇಳುವುದು ಬಾಯಾರಿದಾಗಲೇ. ಒಂದು ಗಂಟೆಯೊಳಗಿನ ಆಟಕ್ಕೆ ನೀರೇ ಸಾಕು, ಸಕ್ಕರೆ ಸೇರಿಸಿದ ಕ್ರೀಡಾ ಪಾನೀಯ ಬೇಕಿಲ್ಲ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ‘ಇವತ್ತು ಕಾಲು ಭಾರ ಅನ್ನಿಸಿದವರು ಎಷ್ಟು ಹೊತ್ತಿಗೆ ಮಲಗಿದ್ದಿರಿ’ ಎಂಬ ಒಂದು ಪ್ರಶ್ನೆ ಸಾಕು, ಉತ್ತರ ಅವರೇ ಹೊಂದಿಸಿಕೊಳ್ಳುತ್ತಾರೆ. ಗೆದ್ದವರಿಗೆ ಸಿಹಿತಿಂಡಿ ಹಂಚಬೇಡಿ. ಕ್ಯಾಲೊರಿ, ತೂಕ, ‘ತಿಂದದ್ದನ್ನು ಕರಗಿಸು’ ಎಂಬ ಮಾತು ಮೈದಾನಕ್ಕೆ ಬರುವುದೇ ಬೇಡ, ಎಲ್ಲರೆದುರು ತೂಕ ನೋಡುವುದಂತೂ ಬೇಡವೇ ಬೇಡ. ದಪ್ಪಗಿರುವ ಮಗು ಆಟದಿಂದ ಕಲಿಯಬೇಕಾದದ್ದು ತನ್ನ ಮೈ ಏನೆಲ್ಲ ಮಾಡಬಲ್ಲದು ಎಂಬುದನ್ನು.

ಮನೆಗೆ ಕೊಡುವ ಕೆಲಸ ಚಿಕ್ಕದಿರಲಿ: ‘ಇವತ್ತು ಕಲಿತ ಎಸೆತವನ್ನು ಮನೆಯಲ್ಲಿ ಒಬ್ಬರಿಗೆ ಕಲಿಸು’. ಕಲಿಸುವಾಗ ಮಗುವೂ ಆಡುತ್ತದೆ, ಮನೆಯವರೂ ಎದ್ದು ನಿಲ್ಲುತ್ತಾರೆ.

ಸುರಕ್ಷತೆಯ ವಿಷಯದಲ್ಲಿ ಕೆಲವನ್ನು ಬಿಡುವ ಹಾಗಿಲ್ಲ. ವರ್ಷದ ಆರಂಭದಲ್ಲೇ ಅಸ್ತಮಾ, ಹೃದಯದ ತೊಂದರೆ, ಮೂರ್ಛೆ, ಮಧುಮೇಹ, ಅಲರ್ಜಿ ಇರುವ ಮಕ್ಕಳ ವಿವರ ಮನೆಯವರಿಂದ ಬರೆಸಿಕೊಳ್ಳಿ. ಅಸ್ತಮಾ ಇರುವ ಮಗುವಿನ ಇನ್‌ಹೇಲರ್ ಮೈದಾನದ ಅಂಚಿನಲ್ಲಿರಬೇಕು, ಕಚೇರಿಯ ಬೀರುವಿನಲ್ಲಲ್ಲ. ತಲೆಗೆ ಪೆಟ್ಟಾಗಿ ಮಗು ಮಂಕಾದರೆ, ತಲೆನೋವು, ತಲೆಸುತ್ತು, ವಾಂತಿ ಎಂದರೆ ಆ ದಿನ ಮತ್ತೆ ಆಟಕ್ಕಿಳಿಸಬಾರದು, ವೈದ್ಯರಿಗೆ ತೋರಿಸಬೇಕು. ನೋಡಿ ಚೆನ್ನಾಗಿಯೇ ಇದ್ದಾನಲ್ಲ ಎಂಬುದು ಸಮಾಧಾನವಾಗಬಾರದು. ಬೆಳೆಯುವ ಮಕ್ಕಳಿಗೆ ಹಿಮ್ಮಡಿಯಲ್ಲಿ, ಮಂಡಿಯ ಕೆಳಗೆ ನೋವು ಬರುವುದುಂಟು. ಕುಂಟುತ್ತಿದ್ದರೆ ಜಿಗಿತ ನಿಲ್ಲಿಸಿ, ‘ತಡಕೋ’ ಎನ್ನಬೇಡಿ. ಬಿಸಿಲು ಜೋರಾದಾಗ ನೆರಳಿಗೆ ಸರಿಯಿರಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೀರಿಗೆ ಬಿಡಿ. ಊಟವಾದ ಕೂಡಲೇ ಬರುವ ಅವಧಿಯಾದರೆ ವೇಳಾಪಟ್ಟಿ ಬದಲಿಸಲು ಕೇಳಿ.

ಫಲ ಸಿಗುತ್ತಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ ಒಬ್ಬ ಸಹೋದ್ಯೋಗಿಯನ್ನು ಕರೆದು ಕೂರಿಸಿಕೊಳ್ಳಿ. ಅವರು ನಾಲ್ಕು ಮಕ್ಕಳನ್ನು ಆರಿಸಲಿ, ಇಬ್ಬರಾದರೂ ಹಿಂಜರಿಯುವವರು. ಯಾರನ್ನು ನೋಡುತ್ತಿದ್ದಾರೆಂದು ಮಕ್ಕಳಿಗೆ ಗೊತ್ತಾಗಬಾರದು. 20 ಸೆಕೆಂಡಿಗೊಮ್ಮೆ ಸರದಿಯಂತೆ ಒಂದೊಂದು ಮಗುವನ್ನು ನೋಡಿ, ಆ ಕ್ಷಣ ಕೂತಿದೆಯೋ, ನಿಂತಿದೆಯೋ, ನಡೆಯುತ್ತಿದೆಯೋ, ಓಡುತ್ತಿದೆಯೋ ಎಂದು ಒಂದು ಗೀಟು ಹಾಕಲಿ. 40 ನಿಮಿಷಕ್ಕೆ 120 ಗೀಟು, ಮಗುವಿಗೆ 30. ನಡಿಗೆ ಮತ್ತು ಓಟದ ಗೀಟುಗಳು ಅರ್ಧ ದಾಟಬೇಕು. ದಾಟದಿದ್ದರೆ ಯಾವ ಹೊತ್ತಿನಲ್ಲಿ ‘ನಿಂತಿದೆ’ ಎಂಬುದು ಗುಂಪುಗೂಡಿದೆ ಎಂದು ನೋಡಿ. ಹೆಚ್ಚಿನ ಸಲ ಅದು ನಿಮ್ಮ ವಿವರಣೆಯ ಹೊತ್ತು ಅಥವಾ ಸಾಮಗ್ರಿ ಹಂಚುವ ಹೊತ್ತು ಆಗಿರುತ್ತದೆ.

ಸಾಮಗ್ರಿ ಕೇಳುವ ಅವಕಾಶವಿದ್ದರೆ ಈ ಕ್ರಮದಲ್ಲಿ ಕೇಳಿ: 18 ಮೆತ್ತನೆಯ ಸಣ್ಣ ಚೆಂಡು, 40 ಚಪ್ಪಟೆ ಶಂಕು, ಎರಡು ಬಣ್ಣದಲ್ಲಿ 18 ಮೇಲಂಗಿ, 18 ಹಗ್ಗ, ಆಮೇಲೆ 6 ಫುಟ್ಬಾಲು, ಒಂದು ಪಂಪು ಮತ್ತು ನಾಲ್ಕು ಸೂಜಿ. ಹಗ್ಗದ ನಡುವೆ ನಿಂತು ಎರಡು ತುದಿಯನ್ನೂ ಮೇಲಕ್ಕೆಳೆದರೆ ಹಿಡಿಗಳು ಮಗುವಿನ ಕಂಕುಳಿಗೆ ಬರಬೇಕು, ಹೆಚ್ಚು ಉದ್ದವಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಸಾಮಗ್ರಿಯನ್ನು ಒಂದೇ ದೊಡ್ಡ ಚೀಲದಲ್ಲಿ ತುಂಬಬೇಡಿ. ಆರು ಚಿಕ್ಕ ಬುಟ್ಟಿಗಳಲ್ಲಿ ಆರು ಗುಂಪಿಗೆ ಹಂಚಿಟ್ಟು, ಮೈದಾನದ ಆರು ಕಡೆ ಇಡಿಸಿ. ಹಂಚಲು ಹೋಗುತ್ತಿದ್ದ ಮೂರು ನಾಲ್ಕು ನಿಮಿಷ ಆಟಕ್ಕೆ ಸಿಗುತ್ತದೆ.